ಹೆಸರಿಟ್ಟ ಇಲಿ, ಹಸಿದ ಹಾವು

ಪುಣೆ ಜಿಲ್ಲೆಯ ಬಾರಾಮತಿ ತಾಲ್ಲೂಕಿನ ಮೋರ್‌ಗಾಂವ್ ಅಷ್ಟವಿನಾಯಕ ಯಾತ್ರೆಯ ಮೊದಲ ಊರು. ಕ್ರಮ ತಪ್ಪದ ಭಕ್ತರು ಯಾತ್ರೆ ಮುಗಿಸುವುದೂ ಅಲ್ಲಿಗೇ ಮರಳಿ ಬಂದು. ಅಲ್ಲಿನ ಮಯೂರೇಶ್ವರನ ತಲೆಯ ಮೇಲೆ ನಾಗರಹೆಡೆ, ಎದುರಿಗೆ ದೊಡ್ಡದೊಂದು ಇಲಿಯ ಮೂರ್ತಿ. ಹಾವು ಮತ್ತು ಇಲಿ ಒಂದೇ ದೇವರ ಆಶ್ರಯದಲ್ಲಿ ಹೀಗೆ ತಣ್ಣಗೆ ಇರುವುದು ನಮಗೆ ಹೊಸದಲ್ಲ. ಹೊಟ್ಟೆ ಬಿರಿಯ ಕಡುಬು ತಿಂದು ಇಲಿಯೇರಿ ಹೊರಟ ಗಣಪ, ಅಡ್ಡ ಬಂದ ಹಾವನ್ನು ಕಂಡು ಇಲಿ ಬೆದರಿದ್ದರಿಂದ ಕೆಳಗೆ ಬಿದ್ದು, ಒಡೆದ ಹೊಟ್ಟೆಗೆ ಅದೇ ಹಾವನ್ನು ಬಿಗಿದುಕೊಂಡ ಕಥೆಯನ್ನು ಚೌತಿಯ ಹೊತ್ತಿಗೆ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಸೊಂಟಪಟ್ಟಿಯಾದ ಆ ಹಾವು ಆಮೇಲೆ ಏನು ತಿಂದು ಬದುಕಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪುರಾಣಕ್ಕೆ ಆ ಪ್ರಶ್ನೆ ಬೇಕಿಲ್ಲ. ಮನೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಿಟ್ಟು ಹಾವು ಸಾಕುವವರಿಗೆ ಮಾತ್ರ ಆ ಪ್ರಶ್ನೆ ಹದಿನೈದು ದಿನಕ್ಕೊಮ್ಮೆಯಾದರೂ ಎದುರಾಗುತ್ತದೆ. ಅದಕ್ಕೆ ಉತ್ತರವಾಗಿ ಅವರಲ್ಲಿ ಕೆಲವರು ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆಯಿಟ್ಟು ಇಲಿ ಸಾಕತೊಡಗುತ್ತಾರೆ. ಕೆಲವೇ ವಾರಗಳಲ್ಲಿ ಆ ಇಲಿಗಳ ಮೇಲೆ ಮನಸ್ಸು ಬಂದುಬಿಡುತ್ತದೆ. ಇದನ್ನು ದೌರ್ಬಲ್ಯವೆಂದು, ಅಭ್ಯಾಸವಾದರೆ ಹೋಗುವ ಹುಚ್ಚೆಂದು ಈ ಹವ್ಯಾಸದವರು ಹೇಳುತ್ತಾರೆ. ಅದು ದೌರ್ಬಲ್ಯವಲ್ಲ, ಆ ಪೆಟ್ಟಿಗೆಯ ಮುಂದೆ ದಿನವೂ ನಿಲ್ಲುವ ಒಬ್ಬನಿಗಷ್ಟೇ ಸಿಗುವ ಸಾಕ್ಷ್ಯ ಎಂಬುದು ಈ ಲೇಖನದ ವಾದ.

ಮೊದಲು ಹಾವಿನ ವಿಷಯ. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದ್ದರಿಂದ ಪುಣೆ, ಬೆಂಗಳೂರು, ಚೆನ್ನೈಗಳಂಥ ಊರುಗಳಲ್ಲಿ ಸಾಕುವವರು ಸಾಕುವುದು ಪರದೇಶದ ಹಾವುಗಳನ್ನು. ಆಫ್ರಿಕಾದ ಬಾಲ್ ಪೈಥಾನ್ ಇವುಗಳಲ್ಲಿ ಹೆಸರುವಾಸಿ, ಅಮೆರಿಕದ ಕಾರ್ನ್ ಸ್ನೇಕ್ ಇನ್ನೊಂದು. ಕೇಂದ್ರ ಪರಿಸರ ಸಚಿವಾಲಯ 2020ರ ಜೂನ್‌ನಲ್ಲಿ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ತಾವಾಗಿ ಘೋಷಿಸಿಕೊಳ್ಳಿ ಎಂದಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸುವುದನ್ನು ಕಡ್ಡಾಯ ಮಾಡಿದವು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಕದ್ದು ತರುವವರೂ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಇಳಿದ ಪ್ರಯಾಣಿಕನೊಬ್ಬನ ಚೀಲದಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕ ಸುದ್ದಿ ಓದುಗರಿಗೆ ನೆನಪಿರಬಹುದು. ಈ ಎಲ್ಲ ಕಾಗದ, ಕಾನೂನು, ಸುದ್ದಿಯ ಗಮನ ಹಾವಿನ ಮೇಲಿದೆ. ಹಾವು ಎಲ್ಲಿಂದ ಬಂತು, ಯಾರದು, ಎಷ್ಟು ಬೆಲೆ ಎಂಬುದೇ ಮಾತು. ಒಂದೊಂದು ಹಾವಿನ ಹಿಂದೆಯೂ ಸಾಲಾಗಿ ನಿಂತಿರುವ ನೂರಾರು ಇಲಿಗಳು ಆ ಸುದ್ದಿಯಲ್ಲಿ ಬರುವುದಿಲ್ಲ. ಹಾವು ಸೊಪ್ಪು ತಿನ್ನುವುದಿಲ್ಲ, ಹಾಲೂ ಕುಡಿಯುವುದಿಲ್ಲ. ನಾಗರ ಪಂಚಮಿಯ ಹಾಲು ಹುತ್ತದ ಮಣ್ಣಿಗೆ ಹೋಗುತ್ತದೆ ಎಂಬುದು ಎರೆಯುವವರಿಗೂ ಗೊತ್ತು.

ಹಾವಿಗಾಗಿ ಸಾಕುವ ಬಿಳಿ ಇಲಿ ಪ್ರಯೋಗಾಲಯದ ಇಲಿಯ ಬಂಧು. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರ ಸುಮಾರಿಗೆ ರೂಪುಗೊಂಡ ತಳಿ ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತುಂಬಿತು. ತಲೆಮಾರುಗಳ ಕಾಲ ಕಚ್ಚದ, ಬೆದರದ, ಕೈಗೆ ಒಗ್ಗುವ ಇಲಿಗಳನ್ನೇ ಆಯ್ದು ಬೆಳೆಸಲಾಯಿತು. ಇದರ ಬಸಿರು ಇಪ್ಪತ್ತೊಂದರಿಂದ ಇಪ್ಪತ್ತಮೂರು ದಿನ. ಒಂದು ಸೂಲಿಗೆ ಎಂಟು, ಹತ್ತು ಮರಿ. ಹುಟ್ಟಿದ ಮರಿ ಹೆಬ್ಬೆರಳಿನ ತುದಿಯಷ್ಟು ದಪ್ಪ. ರೋಮವಿಲ್ಲ, ಕಣ್ಣಿಲ್ಲ, ಕಿವಿ ತೆರೆದಿಲ್ಲ. ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿ ಪಟ್ಟಿಯಾಗಿ ಹೊರಗೇ ಕಾಣುತ್ತದೆ. ಹಾಲು ಸಿಕ್ಕಿದ ಮರಿ ಯಾವುದು, ಸಿಗದೆ ಸೊರಗುತ್ತಿರುವುದು ಯಾವುದು ಎಂದು ಸಾಕುವವರು ಗುರುತಿಸುವುದೇ ಆ ಪಟ್ಟಿ ನೋಡಿ. ತಾಯಿ ಕಾಗದದ ಚೂರುಗಳನ್ನು ಸೇರಿಸಿ ಗೂಡು ಕಟ್ಟುತ್ತದೆ, ದೂರ ಸರಿದ ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಹಾಕುತ್ತದೆ. ಎರಡು ವಾರಕ್ಕೆ ಕಣ್ಣು ಬಿಡುವ ಮರಿ ಮೂರು ವಾರಕ್ಕೆ ಮೊಲೆ ಬಿಡುತ್ತದೆ, ಐದಾರು ವಾರಕ್ಕೆ ತಾನೇ ಬೆದೆಗೆ ಬರುತ್ತದೆ. ತಾಯಿಯಂತೂ ಹೆತ್ತ ಒಂದು ದಿನದೊಳಗೇ ಮತ್ತೆ ಗಬ್ಬವಾಗಬಲ್ಲದು. ಹಾವಿನ ವ್ಯಾಪಾರದಲ್ಲಿ ಈ ಬೆಳವಣಿಗೆಯ ಒಂದೊಂದು ಹಂತವೂ ಒಂದೊಂದು ಸರಕು. ರೋಮ ಬರದ ಮರಿಗೆ ಪಿಂಕಿ, ನವಿರು ರೋಮ ಬಂದದ್ದಕ್ಕೆ ಫಜ್ಜಿ, ನೆಗೆಯಲು ಕಲಿತದ್ದಕ್ಕೆ ಹಾಪರ್ ಎಂದು ಹೆಸರು. ಹಾವಿನ ಮೈ ಎಷ್ಟು ದಪ್ಪವೋ ಅಷ್ಟು ದಪ್ಪದ ಇಲಿ ಕೊಡಬೇಕು ಎಂಬುದು ರೂಢಿಯ ಲೆಕ್ಕ.

ಒಂದೆರಡು ಹಾವಿಟ್ಟುಕೊಂಡವರ ಕಷ್ಟ ಶುರುವಾಗುವುದು ಈ ಲೆಕ್ಕದಲ್ಲೇ. ಬೆಳೆದ ಬಾಲ್ ಪೈಥಾನ್‌ಗೆ ಎರಡು ವಾರಕ್ಕೆ ಒಂದು ಇಲಿ ಸಾಕು. ಒಂದು ಸೂಲಿಗೆ ಬಂದ ಹತ್ತು ಮರಿಗಳಲ್ಲಿ ತಿಂಗಳಿಗೆ ಹೋಗುವುದು ಎರಡು. ಉಳಿದ ಎಂಟು ಬೆಳೆಯುತ್ತವೆ. ಮೇಲಾಗಿ ಬಾಲ್ ಪೈಥಾನ್ ತಿಂಗಳುಗಟ್ಟಲೆ ಊಟ ಬಿಡುವುದಕ್ಕೆ ಕುಖ್ಯಾತ. ಹಾವು ಉಪವಾಸ ಕೂತಷ್ಟು ದಿನ ಇಲಿಗೆ ಆಯುಷ್ಯ. ಸಾಕುವವನಿಗೆ ಆ ಎಂಟರಲ್ಲಿ ಯಾವುದು ಕೈ ಕಂಡರೆ ಮುಂದೆ ಓಡಿ ಬರುತ್ತದೆ, ಯಾವುದು ಮೂಲೆ ಹಿಡಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕೆಂಪು ಕಣ್ಣಿನ ಬಿಳಿ ಇಲಿಗೆ ದೃಷ್ಟಿ ಮಂದ. ದೂರ ಅಳೆಯಲು ತಲೆಯನ್ನು ಆಚೀಚೆ ತೂಗುತ್ತದೆ. ಹಿತವೆನಿಸಿದಾಗ ಹಲ್ಲು ಮಸೆಯುತ್ತದೆ. ಇವನ್ನೆಲ್ಲ ದಿನವೂ ನೋಡಿದವನು ಆ ಇಲಿಗಳನ್ನು ಒಂದು ಗುಂಪೆಂದು ಕಾಣುವುದು ಕಷ್ಟ. ಇನ್ನು ಮರಿ ಹಾಕುವ ತಾಯಿ ಇಲಿಯಂತೂ ವರ್ಷವಿಡೀ ಜೊತೆಗಿರುತ್ತದೆ. ಯಾರ ಮರಿಗಳನ್ನು ಎತ್ತಿಕೊಂಡು ಹೋಗಬೇಕೋ ಅದರೊಂದಿಗೇ ಸಾಕುವವನ ಪರಿಚಯ ಹಳೆಯದಾಗುತ್ತದೆ. ಸಾವಿರಗಟ್ಟಲೆ ಇಲಿ ಬೆಳೆಸುವ ವ್ಯಾಪಾರಿಗೆ ಈ ಸಂಕಟ ಕಡಿಮೆ, ಹಿತ್ತಲ ಹವ್ಯಾಸಿಗೆ ಹೆಚ್ಚು.

ಇದು ಇಲಿ ಸಾಕುವವರ ಅನುಭವ ಮಾತ್ರವಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ರೋಡಾ ವಿಲ್ಕಿ ದನ, ಕುರಿ ಸಾಕುವ ರೈತರಿಂದ ಹಿಡಿದು ಸಂತೆಯಲ್ಲಿ ಹರಾಜು ಮಾಡುವವರು, ಕಸಾಯಿಖಾನೆಯ ಕೆಲಸಗಾರರವರೆಗೆ ಮಾತನಾಡಿಸಿ, 2010ರಲ್ಲಿ ಪುಸ್ತಕವನ್ನೇ ಬರೆದರು. ಅವರು ಕಂಡದ್ದು ಹೀಗೆ: ತಳಿ ಸಂವರ್ಧನೆಗೆ ವರ್ಷಗಟ್ಟಲೆ ಇಟ್ಟುಕೊಂಡ ಪ್ರಾಣಿ, ಕಾಯಿಲೆ ಬಿದ್ದು ಬಾಟಲಿ ಹಾಲು ಕುಡಿದು ಬೆಳೆದ ಪ್ರಾಣಿ, ಏನೋ ಒಂದು ಕಾರಣಕ್ಕೆ ಮಂದೆಯಿಂದ ಬೇರೆಯಾಗಿ ಕಂಡ ಪ್ರಾಣಿಯ ಮೇಲೆ ವೃತ್ತಿಪರ ರೈತನಿಗೂ ಮನಸ್ಸು ಹೋಗುತ್ತದೆ, ಕೊಬ್ಬಿಸಿ ಬೇಗ ಮಾರುವ ಪ್ರಾಣಿಯ ಮೇಲೆ ಹೋಗುವುದಿಲ್ಲ. ಬಾರಾಮತಿಯ ಸುತ್ತ ಇದಕ್ಕೆ ಸಾಕ್ಷಿ ಹುಡುಕಿಕೊಂಡು ಹೋಗಬೇಕಿಲ್ಲ. ಅದು ಗುತ್ತಿಗೆ ಕೋಳಿ ಸಾಕಣೆಯ ನಾಡು. ಕಂಪನಿ ಮರಿ, ಮೇವು, ಔಷಧ ಕೊಡುತ್ತದೆ. ರೈತನದು ಶೆಡ್ಡು, ಕರೆಂಟು, ದುಡಿಮೆ. ನಲವತ್ತು ದಿನ ಕಳೆಯುವಷ್ಟರಲ್ಲಿ ಲಾರಿ ಬಂದು ಇಡೀ ಬ್ಯಾಚ್ ಎತ್ತಿಕೊಂಡು ಹೋಗುತ್ತದೆ, ಕಿಲೋ ಲೆಕ್ಕದಲ್ಲಿ ಕೂಲಿ. ಸಾವಿರಾರು ಬಿಳಿ ಕೋಳಿಗಳಲ್ಲಿ ಯಾವುದಕ್ಕೂ ಮುಖವಿಲ್ಲ. ಅದೇ ರೈತನ ಮನೆಯ ಮುಂದೆ ಗೂಟಕ್ಕೆ ಕಟ್ಟಿದ ಎರಡು ಮೇಕೆಗಳಿಗೆ ಹೆಸರಿರುತ್ತದೆ, ವ್ಯಾಪಾರಿ ಬಂದ ದಿನ ಮಕ್ಕಳು ಊಟ ಬಿಡುತ್ತಾರೆ. ಹೆಸರಿಡಬೇಡಿ, ಹೆಸರಿಟ್ಟರೆ ಕೊಲ್ಲಲಾಗದು ಎಂಬುದು ಇಲಿ ಸಾಕಲು ಹೊರಟವರಿಗೆ ಹಳಬರು ಕೊಡುವ ಮೊದಲ ಬುದ್ಧಿಮಾತು. ವಿಲ್ಕಿಯ ಕೆಲಸ ಓದಿದರೆ ಈ ಮಾತು ತಲೆಕೆಳಗಾಗಿದೆ ಎನಿಸುತ್ತದೆ. ಹೆಸರಿಟ್ಟದ್ದರಿಂದ ಮಮತೆ ಹುಟ್ಟುವುದಿಲ್ಲ. ಎಷ್ಟು ಪ್ರಾಣಿ, ಎಷ್ಟು ದಿನ, ಎಷ್ಟು ಹತ್ತಿರ ಎಂಬುದು ಮಮತೆಯನ್ನು ಹುಟ್ಟಿಸುತ್ತದೆ. ಹೆಸರು ಅದರ ಹಿಂದೆ ಬರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಲ್ ಹರ್ಜಾಗ್ 1988ರಲ್ಲಿ ಒಂದು ಸಣ್ಣ ಲೇಖನ ಬರೆದರು. ಟೆನೆಸ್ಸಿ ವಿಶ್ವವಿದ್ಯಾಲಯದ ಒಂದೇ ಕಟ್ಟಡದಲ್ಲಿ ಚಿಟ್ಟಿಲಿಗೆ ಎಷ್ಟು ಬಗೆಯ ಬೆಲೆ ಎಂಬುದು ಅದರ ವಿಷಯ. ಪ್ರಯೋಗದ ಇಲಿ ಒಳ್ಳೆಯ ಇಲಿ. ಅದನ್ನು ಮುಟ್ಟಲು ಸಮಿತಿಯ ಅನುಮತಿ ಬೇಕು. ಪಂಜರದಿಂದ ತಪ್ಪಿಸಿಕೊಂಡು ವರಾಂಡದಲ್ಲಿ ಓಡಾಡಿದರೆ ಅದೇ ಇಲಿ ಕೆಟ್ಟ ಇಲಿ. ಅದಕ್ಕೆ ಅಂಟಿನ ಹಲಗೆ, ಯಾರ ಅನುಮತಿಯೂ ಬೇಡ. ಹಾವಿನಂಥ ಪ್ರಾಣಿಗಳ ಊಟಕ್ಕೆಂದು ಇಟ್ಟದ್ದು ಮೂರನೆಯ ಬಗೆ. ಹರ್ಜಾಗ್‌ರ ಮನೆಯಲ್ಲಿ ಮಗ ಸಾಕಿದ್ದ ಇಲಿ ಸತ್ತಾಗ ಮನೆಯವರೆಲ್ಲ ಸೇರಿ ಹಿತ್ತಲಲ್ಲಿ ಹೂತು ಅತ್ತರು. ಅದೇ ಮನೆಯ ಅಡುಗೆಕೋಣೆಯ ಇಲಿಗೆ ಬೋನು ಇಡುತ್ತಿದ್ದರು. ನಗು ಬರುತ್ತದೆ, ಆದರೆ ನಮ್ಮ ದೇಶದ ಕಾನೂನು ಓದಿದರೆ ಆ ನಗು ನಿಲ್ಲುತ್ತದೆ. ವನ್ಯಜೀವಿ ಕಾಯ್ದೆಯ ಐದನೆಯ ಅನುಸೂಚಿ 2022ರ ತಿದ್ದುಪಡಿಯವರೆಗೆ ಇಲಿಯನ್ನು ಉಪದ್ರವಿ ಎಂದು ಕರೆಯಿತು. ಪ್ರಯೋಗಕ್ಕಾಗಿ ಬೆಳೆಸುವ ಇಲಿಗೆ 1998ರ ನಿಯಮಗಳಿವೆ. ಸಂಸ್ಥೆ ನೋಂದಣಿಯಾಗಿರಬೇಕು, ಸಮಿತಿ ಇರಬೇಕು. ಸಾಕುಪ್ರಾಣಿ ಅಂಗಡಿಗಳ 2018ರ ನಿಯಮಗಳು ನಾಯಿ, ಬೆಕ್ಕು, ಮೊಲದ ಸಾಲಿನಲ್ಲಿ ಇಲಿ ಜಾತಿಯನ್ನೂ ಸೇರಿಸಿ ಅದನ್ನು ಸಾಕುಪ್ರಾಣಿ ಎಂದಿವೆ. ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯನ ಆಹಾರಕ್ಕಾಗಿ ಪ್ರಾಣಿ ಕೊಲ್ಲುವುದಕ್ಕೆ, ಅನವಶ್ಯಕ ನೋವು ಕೊಡಬಾರದೆಂಬ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ಹಾವಿನ ಆಹಾರವೆಂದು ಮನೆಯ ಹಿತ್ತಲಲ್ಲಿ ಹುಟ್ಟಿದ ಇಲಿ ಈ ಯಾವ ಖಾನೆಯಲ್ಲೂ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಸಮಿತಿಯಿಲ್ಲ, ತಪಾಸಣೆಯಿಲ್ಲ, ಪಶುವೈದ್ಯರ ಭೇಟಿಯಿಲ್ಲ. ಅದರ ಪರವಾಗಿ ಇರುವುದು ಒಂದೇ, ಸಾಕುವವನ ಮನಸ್ಸಿನ ಚುಚ್ಚು. ಅದನ್ನೂ ಅಭ್ಯಾಸದಿಂದ ಮಟ್ಟ ಹಾಕಿಕೊಳ್ಳಿ ಎಂದರೆ ಆ ಪ್ರಾಣಿಗೆ ಏನು ಉಳಿಯಿತು?

ಇದಕ್ಕೆ ಮೊದಲ ಆಕ್ಷೇಪ ಕಬ್ಬಿನ ಗದ್ದೆಯಿಂದ ಬರುತ್ತದೆ. ನೀರಾ ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ ಬಾರಾಮತಿ ತಾಲ್ಲೂಕು ಕಬ್ಬು. ಮಾಳೆಗಾಂವ್, ಸೋಮೇಶ್ವರ ಸಹಕಾರಿ ಕಾರ್ಖಾನೆಗಳು ಅದರ ಮೇಲೆ ನಿಂತಿವೆ. ಕಬ್ಬಿನ ಬುಡ ಕಡಿದು ಪೈರು ಮಲಗಿಸುವ ಹೆಗ್ಗಣವನ್ನು ರೈತ ಕೊಲ್ಲಲೇಬೇಕು. ಸಿಂಕ್ ಫಾಸ್ಫೈಡ್ ಇಡುವ ಕ್ರಮವೇ ಒಂದು ಪಾಠ. ಹೊಸ ತಿನಿಸನ್ನು ಇಲಿ ಅನುಮಾನದಿಂದ ನೋಡುತ್ತದೆ, ಚೂರು ತಿಂದು ಹೊಟ್ಟೆ ಕೆಟ್ಟರೆ ಮತ್ತೆ ಮೂಸುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ದಿನ ವಿಷವಿಲ್ಲದ ಎಣ್ಣೆ ಹಚ್ಚಿದ ಕಾಳು ಇಟ್ಟು ನಂಬಿಕೆ ಹುಟ್ಟಿಸಿ, ಆಮೇಲೆ ವಿಷ ಬೆರೆಸಬೇಕು. ವರ್ಷಕ್ಕೆ ಇಷ್ಟು ಇಲಿ ಹೀಗೆ ಸಾಯುವಾಗ, ಶೆಡ್ಡಿನಿಂದ ಲಾರಿಗಟ್ಟಲೆ ಕೋಳಿ ಹೋಗುವಾಗ, ಹಾವಿನ ಪಾಲಿನ ನಾಲ್ಕು ಬಿಳಿ ಇಲಿಗೆ ಕಣ್ಣೀರೇಕೆ, ಇದು ಬೂಟಾಟಿಕೆಯಲ್ಲವೇ? ಪ್ರಶ್ನೆಯಲ್ಲಿ ನ್ಯಾಯವಿದೆ. ಹರ್ಜಾಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುದ್ದಿನ ಬೆಕ್ಕೊಂದು ವರ್ಷಕ್ಕೆ ತಿನ್ನುವ ಮಾಂಸ ಸಣ್ಣ ಬೋವಾ ಹಾವು ತಿನ್ನುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ. ಬೆಕ್ಕಿನ ಡಬ್ಬಿಯಲ್ಲಿ ಮುಖ ಕಾಣದ್ದರಿಂದ ನಾವು ಬೆಕ್ಕು ಸಾಕುವವರನ್ನು ಪ್ರಶ್ನಿಸುವುದಿಲ್ಲ. ಆದರೂ ಆಕ್ಷೇಪ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಗದ್ದೆಯ ಹೆಗ್ಗಣವನ್ನು ರೈತ ಕರೆದು ತಂದದ್ದಲ್ಲ. ಅವನದು ಬೆಳೆ ಉಳಿಸಿಕೊಳ್ಳುವ ಜಗಳ. ಹಿತ್ತಲ ಇಲಿಯನ್ನು ಹುಟ್ಟಿಸಿದ್ದೇ ಸಾಕಿದವನು, ಅದಕ್ಕೆ ನಂಬಿಕೆ ಕಲಿಸಿದ್ದೂ ಅವನೇ. ಹುಟ್ಟಿಸಿದವನಿಗೆ ಹೆಚ್ಚಿನ ಹೊಣೆ ಎಂಬುದನ್ನು ಒಪ್ಪಲು ದೊಡ್ಡ ತತ್ವಶಾಸ್ತ್ರವೇನೂ ಬೇಡ. ಇನ್ನು ಕೋಳಿಯ ಬಗ್ಗೆ ಮನಸ್ಸು ಚುಚ್ಚುವುದಿಲ್ಲ ಎಂಬುದು ಇಲಿಯ ಬಗ್ಗೆ ಚುಚ್ಚಬಾರದು ಎಂಬುದಕ್ಕೆ ಕಾರಣವಾಗುವುದಿಲ್ಲ. ಕೋಳಿಯ ಶೆಡ್ಡಿನ ಬಗ್ಗೆಯೂ ಸ್ವಲ್ಪ ಯೋಚಿಸಬೇಕು ಎಂಬುದಕ್ಕೆ ಕಾರಣವಾಗಬಹುದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಸಾಕುವವನು ಇಲಿಯಲ್ಲಿ ಕಾಣುವುದು ತನ್ನ ಮನಸ್ಸಿನ ನೆರಳನ್ನಷ್ಟೇ, ಇಲಿಗೆ ಅಂಥದ್ದೇನೂ ಇಲ್ಲ ಎಂಬ ವಾದವದು. ಮೂವತ್ತು ವರ್ಷದ ಹಿಂದೆ ಇದನ್ನು ಹೇಳುವುದು ಸುಲಭವಾಗಿತ್ತು. ಆಮೇಲೆ ಅಮೆರಿಕದ ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಅವರ ಸಹೋದ್ಯೋಗಿಗಳು ಇಲಿಗೆ ಕಚಗುಳಿ ಇಟ್ಟರು. ಇಟ್ಟಾಗ ಅದು 50 ಕಿಲೋಹರ್ಟ್ಸ್ ಸುಮಾರಿನ ಚಿಲಿಪಿಲಿ ಹೊರಡಿಸಿತು, ಕಚಗುಳಿ ಇಟ್ಟ ಕೈಯನ್ನು ಮತ್ತೆ ಹುಡುಕಿಕೊಂಡು ಬಂತು. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಕೊಳವೆಯೊಂದರಲ್ಲಿ ಇಲಿಯನ್ನು ಸಿಕ್ಕಿಸಿಟ್ಟಾಗ ಜೊತೆಗಾರ ಇಲಿ ಅದರ ಬಾಗಿಲು ತೆರೆಯಲು ಕಲಿಯಿತು. ಪಕ್ಕದಲ್ಲಿ ಚಾಕಲೇಟ್ ಚೂರುಗಳಿದ್ದರೂ ಬಿಡಿಸಿ, ಎಷ್ಟೋ ಸಲ ಹಂಚಿಕೊಂಡೂ ತಿಂದಿತು. 2019ರಲ್ಲಿ ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಿಗೆ ಕಣ್ಣಾಮುಚ್ಚಾಲೆ ಕಲಿಸಿದರು; ಬಚ್ಚಿಟ್ಟುಕೊಳ್ಳುವಾಗ ಇಲಿಗಳು ಸದ್ದು ಮಾಡದೆ ಕೂರುತ್ತಿದ್ದವು, ಹುಡುಕುವ ಸರದಿಯಲ್ಲಿ ಚಿಲಿಪಿಲಿಗುಟ್ಟುತ್ತಿದ್ದವು. ಇದನ್ನೆಲ್ಲ ಮನುಷ್ಯರ ಸಂತೋಷ, ಕರುಣೆಗಳ ತದ್ರೂಪ ಎನ್ನಬೇಕಿಲ್ಲ. ಹಾಗೆನ್ನಲು ವಿಜ್ಞಾನಿಗಳೇ ಹಿಂಜರಿಯುತ್ತಾರೆ. ಆದರೆ ಒಂದಂತೂ ಹೇಳಬಹುದು: ಪೆಟ್ಟಿಗೆಯ ಮುಂದೆ ನಿಂತವನಿಗೆ ಕಂಡದ್ದು, ಇಲಿಗೂ ಒಂದು ಒಳಬದುಕಿದೆ ಎಂದು ಅವನಿಗೆ ಅನಿಸಿದ್ದು, ಪೂರ್ತಿ ಅವನ ಕಲ್ಪನೆಯಲ್ಲ. ಅವನಿಗೆ ಕಾಣದ್ದೂ ಬಹಳಷ್ಟಿದೆ. ಹೆದರಿದ ಇಲಿ 22 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ, ಮನುಷ್ಯನ ಕಿವಿ 20ಕ್ಕೆ ಮುಗಿಯುತ್ತದೆ. ಒಂದು ಪೆಟ್ಟಿಗೆಯಲ್ಲಿ ಎದ್ದ ಆ ಕೂಗು ಪಕ್ಕದ ಪೆಟ್ಟಿಗೆಗೆ ಕೇಳುತ್ತದೆ, ಸಾಕುವವನಿಗೆ ಕೇಳುವುದಿಲ್ಲ. ಮಮತೆ ಇಲ್ಲಿ ಅತಿಯಾಗಿ ಊಹಿಸುತ್ತಿದೆ ಎಂದು ದೂರುವುದಕ್ಕಿಂತ ಕಡಿಮೆ ಊಹಿಸುತ್ತಿದೆ ಎನ್ನುವುದೇ ಸರಿ.

ಹಾಗಾದರೆ ವೈದ್ಯರು? ಶಸ್ತ್ರಕ್ರಿಯೆಯ ಮೇಜಿನ ಮುಂದೆ ಕಣ್ಣೀರಿಡುವ ಸರ್ಜನ್ ಯಾರಿಗೂ ಬೇಡ. ನಿರ್ಲಿಪ್ತತೆ ಕಸುಬಿನ ಭಾಗವಲ್ಲವೇ ಎಂದು ಕೇಳಬಹುದು. ಕೈ ನಡುಗಬಾರದ ಒಂದು ಕ್ಷಣವಿದೆ, ನಿಜ. ಆ ಒಂದು ಕ್ಷಣದ ನಿರ್ಲಿಪ್ತತೆಯನ್ನು ಇಪ್ಪತ್ತನಾಲ್ಕು ಗಂಟೆಗೆ ಹಿಗ್ಗಿಸಿಕೊಂಡಾಗ ಕೆಡುಕು ಬರುತ್ತದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಸಾದಾ ಸಂಗತಿಯೊಂದನ್ನು ತೋರಿಸಿತು. ಚಿಟ್ಟಿಲಿಯನ್ನು ಬಾಲ ಹಿಡಿದು ಎತ್ತಿದರೆ ಅದರ ಅಂಜಿಕೆ ಹೆಚ್ಚುತ್ತದೆ. ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದರೆ ಅಷ್ಟು ಅಂಜುವುದಿಲ್ಲ, ಕೈಯ ಬಳಿಗೆ ತಾನಾಗಿ ಬರುತ್ತದೆ. ಶತಮಾನದ ಕಾಲ ಪ್ರಯೋಗಾಲಯಗಳು ಬಾಲವನ್ನೇ ಹಿಡಿದವು, ಅದೇ ಅನುಕೂಲವಾಗಿತ್ತು. ಬೊಗಸೆಯಲ್ಲಿ ಎತ್ತುವುದನ್ನು ಮೊದಲು ಯೋಚಿಸುವವನು ಪ್ರಾಣಿಯ ಮೇಲೆ ಸ್ವಲ್ಪವಾದರೂ ಮನಸ್ಸಿಟ್ಟವನೇ. ಪೆಟ್ಟಿಗೆಯ ಹೊಟ್ಟು ಬದಲಿಸದೆ ಅಮೋನಿಯಾ ಘಾಟು ಏರಲು ಬಿಡುವವನು, ತಾಯಿ ಇಲಿಯನ್ನು ಬಿಡುವಿಲ್ಲದೆ ಹೆರಿಸುವವನು, ಗಡ್ಡೆ ಬೆಳೆದ ಮುದಿ ಇಲಿಯನ್ನು ಗಮನಿಸದವನು ಸಾಮಾನ್ಯವಾಗಿ ಕ್ರೂರಿಯಲ್ಲ. ಏನೂ ಅನಿಸದಂತೆ ತನ್ನನ್ನು ತಾನು ತರಬೇತುಗೊಳಿಸಿಕೊಂಡವನು.

ಇನ್ನು ಎಲ್ಲರೂ ಹೇಳುವ ಮಾತು, ಪ್ರಕೃತಿ. ಹಾವು ಇಲಿ ತಿನ್ನುವುದು ಸೃಷ್ಟಿಯ ನಿಯಮ, ನಾವು ಯಾರು ನಡುವೆ ಬರಲು? ಕಾಡಿನಲ್ಲಿ ಈ ಮಾತಿಗೆ ಯಾವ ತಕರಾರೂ ಇಲ್ಲ. ಬಿಲದಲ್ಲಿ ಇಲಿಗೆ ಎರಡನೆಯ ಬಾಗಿಲಿರುತ್ತದೆ, ಹಾವಿಗೆ ಹಸಿವಿರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇವೆರಡೂ ಖಾತ್ರಿಯಿಲ್ಲ. ಹೆಬ್ಬಾವಿನ ಜಾತಿಯ ಹಾವು ಸುತ್ತಿ ಬಿಗಿದಾಗ ಉಸಿರು ಕಟ್ಟುವುದಕ್ಕಿಂತ ಮೊದಲೇ ರಕ್ತದ ಓಟ ನಿಲ್ಲುತ್ತದೆ ಎಂದು 2015ರಲ್ಲಿ ಬೋವಾ ಹಾವುಗಳ ಮೇಲೆ ಸ್ಕಾಟ್ ಬೊಬ್ಯಾಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ತೋರಿಸಿದೆ. ಸಾವು ಬೇಗ ಬರುತ್ತದೆ. ಹಾವು ಹಿಡಿದರೆ ತಾನೇ? ಹಸಿವಿಲ್ಲದ ಹಾವಿನ ಎದುರು ರಾತ್ರಿಯಿಡೀ ಬಿಟ್ಟ ಇಲಿಯದು ಪ್ರಾಣಸಂಕಟ. ಕೊನೆಗೆ ಅದೇ ಹಸಿದು ಹಾವಿನ ಮೈ ಕಡಿದು ಹುಣ್ಣು ಮಾಡುವುದೂ ಉಂಟು. ಹಾವು ಸಾಕುವವರಿಗೆ ಇದು ಗೊತ್ತಿರುವ ಅಪಾಯ. ಜೀವಂತ ಇಲಿ ಬಿಟ್ಟು ಸುತ್ತ ನಿಂತು ಮೊಬೈಲ್‌ನಲ್ಲಿ ಚಿತ್ರ ಹಿಡಿಯುವವರಿಗೆ ಗೊತ್ತಿಲ್ಲದ ಸಂಗತಿ ಬೇರೆಯಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಕೇವಲ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದರ ಬೇಟೆಯಾಗಿಸುವುದನ್ನು ಅಪರಾಧ ಎಂದಿದೆ. ಪ್ರಕೃತಿಯ ಹೆಸರು ಹೇಳಿ ಅಲ್ಲಿಂದ ಪಾರಾಗಲು ಬರುವುದಿಲ್ಲ, ಏಕೆಂದರೆ ಪೆಟ್ಟಿಗೆ ಪ್ರಕೃತಿಯದಲ್ಲ, ಅದರ ಮುಚ್ಚಳ ಹಾಕಿದ ಕೈಯೂ ಪ್ರಕೃತಿಯದಲ್ಲ.

ಆದ್ದರಿಂದ ಮೊದಲೇ ಕೊಂದ ಇಲಿಯನ್ನು ಫ್ರೀಜರಿನಲ್ಲಿಟ್ಟು, ಬಿಸಿನೀರಿನಲ್ಲಿ ಮೈಶಾಖಕ್ಕೆ ತಂದು, ಚಿಮುಟದಲ್ಲಿ ಹಿಡಿದು ಹಾವಿಗೆ ಕೊಡುವುದು ಇಲಿಗೂ ಹಾವಿಗೂ ಒಳ್ಳೆಯದು. ಬಹುತೇಕ ಹಾವುಗಳು ಸ್ವಲ್ಪ ತಾಳ್ಮೆಯಿದ್ದರೆ ಇದಕ್ಕೆ ಒಗ್ಗುತ್ತವೆ. ಕೊಲ್ಲುವ ವಿಧಾನದಲ್ಲೂ ಅಸಡ್ಡೆ ಸಲ್ಲದು. ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ, ಅಳತೆ ಮಾಡಿ ಹರಿಸಬೇಕೆನ್ನುತ್ತದೆ. ಹಸುಗೂಸು ಮರಿಗಳು ಆ ಅನಿಲವನ್ನು ಬಹಳ ಹೊತ್ತು ತಡೆದುಕೊಳ್ಳುತ್ತವೆ ಎಂದೂ ಎಚ್ಚರಿಸುತ್ತದೆ. ಚಿಕ್ಕದೆಂದು, ಕೂಗುವುದಿಲ್ಲವೆಂದು, ಜೀವಂತ ಮರಿಯನ್ನೇ ಫ್ರೀಜರಿಗೆ ಹಾಕುವವರು ಈ ಸಾಲನ್ನು ಓದಬೇಕು. ಪಶುವೈದ್ಯರೊಬ್ಬರ ಮುಂದೆ ನಿಂತು ಕಲಿಯದೆ ಈ ಕೆಲಸಕ್ಕೆ ಕೈ ಹಾಕಬಾರದು. ಹಿತ್ತಲಲ್ಲಿ ಸಾಕುವ ಬದಲು ಸತ್ತ ಇಲಿಯನ್ನೇ ಕೊಂಡು ತಂದರೆ ಮನಸ್ಸಿಗೆ ಹಗುರವೆಂಬ ಸಲಹೆಯೂ ಇದೆ. ಮನಸ್ಸಿಗೆ ಹಗುರ, ಹೌದು. ಆದರೆ ಆ ಹಗುರಕ್ಕೆ ಕಾರಣ ಇಲಿಯ ಕಷ್ಟ ಕಡಿಮೆಯಾದದ್ದಲ್ಲ, ಅದು ಕಣ್ಣಿಗೆ ಬೀಳದ್ದು. ಇಲಿ ಬೆಳೆಸುವ ಜಾಗ ಹೇಗಿದೆ, ಪೆಟ್ಟಿಗೆಗೆ ಎಷ್ಟು ಇಲಿ, ಕೊಲ್ಲುವುದು ಹೇಗೆ ಎಂದು ಕೇಳಿ ನೋಡಿ ಕೊಂಡರೆ ಅದು ಬೇರೆ ಮಾತು. ಕೇಳದೆ ಕೊಂಡರೆ, ಮನೆಯಲ್ಲಿ ಹತ್ತು ಇಲಿಗೆ ಹೆಸರಿಟ್ಟು ಸಂಕಟಪಟ್ಟವನೇ ಹೆಚ್ಚು ಪ್ರಾಮಾಣಿಕ.

ಇಷ್ಟೆಲ್ಲ ಸಂಕಟವಿದ್ದರೆ ಹಾವನ್ನೇ ಸಾಕಬಾರದಲ್ಲ ಎಂದು ಯಾರಾದರೂ ಕೇಳಿದರೆ, ಬಹುಪಾಲು ಜನರ ಮಟ್ಟಿಗೆ ಹೌದು ಎಂದೇ ಉತ್ತರಿಸಬೇಕು. ಈಗಾಗಲೇ ಇರುವ ಹಾವುಗಳ ಮಾತು ಬೇರೆ. ನೋಂದಣಿಯಾಗಿ ಮನೆಯಲ್ಲಿರುವವು, ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಂಡವು, ಸರ್ಪೋದ್ಯಾನಗಳಲ್ಲಿರುವವು ತಿನ್ನಲೇಬೇಕು, ಅವಕ್ಕಾಗಿ ಯಾರಾದರೂ ಇಲಿ ಬೆಳೆಸಲೇಬೇಕು. ಬೆಳೆಸುವವರು ಮನಸ್ಸಿಟ್ಟೇ ಬೆಳೆಸಲಿ. ಹೊಸದಾಗಿ ಕೊಳ್ಳಹೊರಟವರು ಮಾತ್ರ ಒಂದು ಲೆಕ್ಕ ಮಾಡಬೇಕು. ಚೆನ್ನಾಗಿ ನೋಡಿಕೊಂಡ ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಎರಡು ವಾರಕ್ಕೊಂದು ಇಲಿ ಎಂದರೆ ವರ್ಷಕ್ಕೆ ಇಪ್ಪತ್ತಾರು, ಇಪ್ಪತ್ತೈದು ವರ್ಷಕ್ಕೆ ಆರುನೂರೈವತ್ತು. ಉಪವಾಸದ ತಿಂಗಳುಗಳನ್ನು ಕಳೆದರೂ ಐನೂರಕ್ಕೆ ಕಡಿಮೆಯಾಗದು. ಅಷ್ಟು ಇಲಿಗಳನ್ನು ಯಾರು ಬೆಳೆಸುತ್ತಾರೆ, ಯಾರು ಕೊಲ್ಲುತ್ತಾರೆ ಎಂದು ಮನೆಯವರೆಲ್ಲ ಕೂತು ಮಾತಾಡಿ. ನಿಮ್ಮ ಕೈಯಲ್ಲಾಗದು ಅನಿಸಿದರೆ ಹಾವು ಕೊಳ್ಳಬೇಡಿ. ಹಾವು ನೋಡುವ ಆಸೆಯಿದ್ದವರಿಗೆ ಪುಣೆಯ ಕಾತ್ರಜ್‌ನಲ್ಲಿ 1986ರಲ್ಲಿ ಶುರುವಾದ ಸರ್ಪೋದ್ಯಾನವಿದೆ, ನಾಗರದಿಂದ ಹೆಬ್ಬಾವಿನವರೆಗೆ ಅಲ್ಲಿ ಕಾಣಸಿಗುತ್ತವೆ. ಬುಧವಾರ ಮಾತ್ರ ರಜೆ.